ಎತ್ತರದವರ ಕೈಯ ಪಾಸ್: ಚೇಂಬರ್ಲಿನ್‌ರಿಂದ ಯೋಕಿಚ್‌ವರೆಗೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪಾಸ್ ಮಾಡುವುದರಲ್ಲಿ ಡೆನ್ವರ್ ತಂಡದ ನಿಕೋಲಾ ಯೋಕಿಚ್ ಅವರಿಗೆ ಸಮನಾದ ಸೆಂಟರ್ (ಸಾಮಾನ್ಯವಾಗಿ ರಿಂಗಿನ ಬಳಿ ಆಡುವ, ತಂಡದ ಅತಿ ಎತ್ತರದ) ಆಟಗಾರ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಈವರೆಗೆ ಬಂದಿಲ್ಲ ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆವು. ಆ ಒಂದು ವಾಕ್ಯ ಹಲವರನ್ನು ಕೆಣಕಿದೆ. ಬಂದ ಪತ್ರಗಳಲ್ಲಿ ಇದೇ ವಿಷಯವನ್ನು ಬೇರೆ ಬೇರೆ ಬದಿಯಿಂದ ಹಿಡಿದಿರುವ ಆರನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ವಿಲ್ಟ್ ಚೇಂಬರ್ಲಿನ್ 1967–68ರಲ್ಲಿ ಸೆಂಟರ್ ಆಗಿದ್ದುಕೊಂಡೇ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಅಸಿಸ್ಟ್ (ಬುಟ್ಟಿಗೆ ಬಿದ್ದ ಎಸೆತಕ್ಕೆ ಮೊದಲಿನ ಪಾಸ್) ಮಾಡಿದ್ದರು. ಆ ಸಾಧನೆಯನ್ನು ಬದಿಗಿಟ್ಟು ಯೋಕಿಚ್ ಅವರನ್ನು ಮೇಲೆ ಕೂರಿಸುವುದು ಎಷ್ಟು ಸರಿ? – ಓದುಗರು, ಧಾರವಾಡ

ಉತ್ತರ: ಆ ಋತುವಿನಲ್ಲಿ ಚೇಂಬರ್ಲಿನ್ 82 ಪಂದ್ಯಗಳಿಂದ 702 ಅಸಿಸ್ಟ್ ಗಳಿಸಿದರು, ಪಂದ್ಯಕ್ಕೆ ಸರಾಸರಿ 8.6. ಆಗ ಅಗ್ರಸ್ಥಾನವನ್ನು ನಿರ್ಧರಿಸುತ್ತಿದ್ದುದು ಒಟ್ಟು ಸಂಖ್ಯೆಯೇ ಹೊರತು ಸರಾಸರಿಯಲ್ಲ. 65 ಪಂದ್ಯಗಳನ್ನಷ್ಟೇ ಆಡಿದ ಗಾರ್ಡ್ (ಚೆಂಡು ಸಾಗಿಸಿ ಹಂಚುವ ಆಟಗಾರ) ಆಸ್ಕರ್ ರಾಬರ್ಟ್‌ಸನ್ ಅವರ ಸರಾಸರಿ 9.7 ಇತ್ತು, ಆದರೂ ಅವರು ಒಟ್ಟು ಲೆಕ್ಕದಲ್ಲಿ ಹಿಂದೆ ಉಳಿದರು. ಇದನ್ನು ಹೇಳುವುದು ಚೇಂಬರ್ಲಿನ್ ಅವರನ್ನು ಕಡಿಮೆ ಮಾಡುವುದಕ್ಕಲ್ಲ. ಏಳು ಅಡಿ ಮೀರಿದ ಆಟಗಾರನೊಬ್ಬ ಆ ಪಟ್ಟಿಯಲ್ಲಿ ರಾಬರ್ಟ್‌ಸನ್ ಅವರ ಪಕ್ಕ ನಿಲ್ಲುವುದೇ ಅಂದಿನವರ ಊಹೆಗೆ ಮೀರಿದ್ದಾಗಿತ್ತು.

ಆದರೆ 8.6ನ್ನು ಯೋಕಿಚ್ ಅವರ 2024–25ರ 10.2ರ ಪಕ್ಕದಲ್ಲಿಡುವ ಮೊದಲು ಕೆಲವು ಹೊಂದಾಣಿಕೆಗಳು ಬೇಕಾಗುತ್ತವೆ. ಚೇಂಬರ್ಲಿನ್ ಆ ವರ್ಷ ಪಂದ್ಯವೊಂದಕ್ಕೆ ಸುಮಾರು 47 ನಿಮಿಷ ಅಂಕಣದಲ್ಲಿರುತ್ತಿದ್ದರು, ಅಂದರೆ ಬೆಂಚಿನ ಮೇಲೆ ಕೂರುತ್ತಿದ್ದುದು ಒಂದೋ ಎರಡೋ ನಿಮಿಷ ಮಾತ್ರ. ಯೋಕಿಚ್ ಆಡಿದ್ದು ಸರಾಸರಿ 37 ನಿಮಿಷಕ್ಕೂ ಕಡಿಮೆ. ಅರವತ್ತರ ದಶಕದ ಆಟದ ವೇಗವೂ ಇಂದಿನದಕ್ಕಿಂತ ಹೆಚ್ಚಿದ್ದುದರಿಂದ ಪ್ರತಿ ತಂಡಕ್ಕೂ ದಾಳಿಯ ಸರದಿ ಹೆಚ್ಚು ಸಿಗುತ್ತಿತ್ತು. ಇವೆರಡೂ ಚೇಂಬರ್ಲಿನ್ ಅವರ ಅಂಕಿಯನ್ನು ಹಿಗ್ಗಿಸುತ್ತವೆ. ಅದನ್ನು ಕುಗ್ಗಿಸುವ ಕಾರಣಗಳೂ ಇವೆ: ಅಂದು ಲೀಗ್‌ನ ಆಟಗಾರರು ಎಸೆದ ಚೆಂಡುಗಳಲ್ಲಿ ಬುಟ್ಟಿಗೆ ಬೀಳುತ್ತಿದ್ದುದು ಶೇ 45ರಷ್ಟು ಮಾತ್ರ, ಮೂರು ಅಂಕದ ಗೆರೆ ಇರಲೇ ಇಲ್ಲ. ಪಾಸ್ ಪಡೆದವನು ಡ್ರಿಬಲ್ ಮಾಡಿ (ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗಿ) ಎಸೆದರೆ ಅದನ್ನು ಅಸಿಸ್ಟ್ ಎಂದು ಬರೆದುಕೊಳ್ಳುವಲ್ಲಿ ಅಂದಿನ ಸ್ಕೋರರ್‌ಗಳ ಕೈ ಬಿಗಿಯಾಗಿತ್ತು ಎಂಬ ಮಾತೂ ಬಹಳ ಕಾಲದಿಂದ ಇದೆ. ಇನ್ನು ತಪ್ಪು ಪಾಸ್ ಮುಂತಾದವುಗಳಿಂದ ಚೆಂಡು ಕಳೆದುಕೊಂಡದ್ದರ, ಎಂದರೆ ಟರ್ನೋವರ್‌ಗಳ ಆಟಗಾರವಾರು ಲೆಕ್ಕವನ್ನು ಎನ್‌ಬಿಎ ಇಡತೊಡಗಿದ್ದೇ 1977–78ರಲ್ಲಿ. ಹಾಗಾಗಿ ಚೇಂಬರ್ಲಿನ್ ಅವರ ಗಳಿಕೆಯ ಪಟ್ಟಿ ನಮ್ಮ ಮುಂದಿದೆ, ಖರ್ಚಿನ ಪಟ್ಟಿ ಇಲ್ಲ.

ಅಂಕಿಗಿಂತ ಮುಖ್ಯವಾದುದು ಆ ಪಾಸ್ ಎಲ್ಲಿಂದ ಹೊರಡುತ್ತಿತ್ತು ಎಂಬುದು. ಫಿಲಡೆಲ್ಫಿಯಾ ತಂಡಕ್ಕೆ ಅಲೆಕ್ಸ್ ಹ್ಯಾನಮ್ ತರಬೇತುದಾರರಾಗಿ ಬಂದ 1966–67ರಲ್ಲಿ ಚೇಂಬರ್ಲಿನ್ ಬುಟ್ಟಿಗೆ ಬೆನ್ನು ಮಾಡಿ ರಿಂಗಿನ ಸಮೀಪ ನಿಂತು ಚೆಂಡನ್ನು ತರಿಸಿಕೊಳ್ಳುತ್ತಿದ್ದರು; ಹಾಲ್ ಗ್ರೀರ್, ಚೆಟ್ ವಾಕರ್, ಬಿಲ್ಲಿ ಕನಿಂಗ್‌ಹ್ಯಾಮ್ ಅವರ ಸುತ್ತ ಓಡುತ್ತಿದ್ದರು. ಎರಡು ಮೂರು ಎದುರಾಳಿಗಳು ತಮ್ಮ ಮೈಮೇಲೆ ಬೀಳುವುದನ್ನು ಕಾದು, ಪಕ್ಕದಲ್ಲಿ ಹಾದುಹೋಗುವವನ ಕೈಗೆ ಚೆಂಡನ್ನು ದಾಟಿಸುವುದು ಅವರ ಪಾಸ್‌ನ ಬಹುಪಾಲು. ಹಿಂದಿನ ವರ್ಷ 33.5 ಇದ್ದ ಅವರ ಅಂಕಗಳ ಸರಾಸರಿ 24.1ಕ್ಕೆ ಇಳಿಯಿತು, ಅಸಿಸ್ಟ್ 7.8ಕ್ಕೆ ಏರಿತು, ತಂಡ 68 ಪಂದ್ಯಗಳನ್ನು ಗೆದ್ದು 13ರಲ್ಲಷ್ಟೇ ಸೋತು ಚಾಂಪಿಯನ್ ಆಯಿತು. ಸತತ ಎಂಟು ವರ್ಷ ಪ್ರಶಸ್ತಿ ಗೆದ್ದಿದ್ದ ಬೋಸ್ಟನ್‌ನ ಸರಣಿ ಅಲ್ಲಿಗೆ ಮುರಿಯಿತು. ನಮ್ಮ ಅಭಿಪ್ರಾಯದಲ್ಲಿ ಚೇಂಬರ್ಲಿನ್ ಅವರ ಪಾಸ್‌ನ ನಿಜವಾದ ಸಾಕ್ಷಿ ಈ ವರ್ಷವೇ ಹೊರತು 702 ಅಸಿಸ್ಟ್‌ಗಳ ಮರುವರ್ಷವಲ್ಲ. ಮರುವರ್ಷ ಅಸಿಸ್ಟ್ ಪಟ್ಟಿಯ ಅಗ್ರಸ್ಥಾನವೇ ಅವರ ಗುರಿಯಾಗಿತ್ತು, ಅದನ್ನವರು ಮುಚ್ಚಿಟ್ಟವರೂ ಅಲ್ಲ. ಅದೇ 1968ರಲ್ಲಿ ಬೋಸ್ಟನ್ ವಿರುದ್ಧ 3–1ರಿಂದ ಮುಂದಿದ್ದ ಫಿಲಡೆಲ್ಫಿಯಾ ಸರಣಿಯನ್ನು ಕಳೆದುಕೊಂಡಿತು. ಏಳನೆಯ ಪಂದ್ಯದ ದ್ವಿತೀಯಾರ್ಧದಲ್ಲಿ ಚೇಂಬರ್ಲಿನ್ ಬುಟ್ಟಿಯತ್ತ ಚೆಂಡೆಸೆದದ್ದೇ ಅಪರೂಪ. ತಾನೇ ಎಸೆಯುತ್ತಾನೆಂಬ ಭಯ ಹುಟ್ಟಿಸದ ಸೆಂಟರ್‌ನ ಸುತ್ತ ಎದುರಾಳಿಗಳು ಮುತ್ತುವುದಿಲ್ಲ, ಮುತ್ತದಿದ್ದರೆ ಯಾರೂ ಬಿಡುವಾಗಿ ಉಳಿಯುವುದಿಲ್ಲ.

ಪ್ರಶ್ನೆ: ಹಳೆಯ ಅಭಿಮಾನಿಗಳು ಯಾವಾಗಲೂ ಬಿಲ್ ವಾಲ್ಟನ್ ಹೆಸರನ್ನು ಎತ್ತುತ್ತಾರೆ. ಅವರ ತಂಡ ಪ್ರಶಸ್ತಿ ಗೆದ್ದ ವರ್ಷ ಅವರ ಅಸಿಸ್ಟ್ ಸರಾಸರಿ ನಾಲ್ಕನ್ನೂ ಮುಟ್ಟಿಲ್ಲ. ಇದು ಹಳೆಯದೆಲ್ಲ ಹೊನ್ನು ಎಂಬ ಮೋಹವಲ್ಲವೇ? – ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: 1976–77ರಲ್ಲಿ ವಾಲ್ಟನ್ ಅವರ ಸರಾಸರಿ 3.8 ಎಂಬುದು ನಿಜ. ಆದರೆ ಅಸಿಸ್ಟ್ ಎಂದು ಬರೆದುಕೊಳ್ಳುವುದು ಬುಟ್ಟಿಗೆ ಮೊದಲಿನ ಕೊನೆಯ ಪಾಸ್ ಅನ್ನು ಮಾತ್ರ, ವಾಲ್ಟನ್ ಅವರ ಹಿರಿಮೆ ಇದ್ದದ್ದು ಮೊದಲ ಪಾಸ್‌ನಲ್ಲಿ. ಪೋರ್ಟ್‌ಲೆಂಡ್ ತಂಡದ ಹಳೆಯ ವಿಡಿಯೊಗಳಲ್ಲಿ ಅವರು ರೀಬೌಂಡ್ ಹಿಡಿಯುವ ಕ್ಷಣವನ್ನು ನಿಧಾನಗತಿಯಲ್ಲಿ ನೋಡಿ. ಬೋರ್ಡಿಗೆ ಬಡಿದು ಬಂದ ಚೆಂಡನ್ನು ಎರಡೂ ಕೈಗಳಿಂದ ತಲೆಯ ಮೇಲೆಯೇ ಹಿಡಿಯುತ್ತಾರೆ. ಚೆಂಡು ಎದೆಯ ಮಟ್ಟಕ್ಕೆ ಇಳಿಯುವುದೇ ಇಲ್ಲ. ಪಾದ ನೆಲಕ್ಕೆ ತಾಗುವಷ್ಟರಲ್ಲಿ ಸೊಂಟದಿಂದ ಮೇಲಿನ ಭಾಗ ಪಕ್ಕದ ಗೆರೆಯ ಕಡೆಗೆ ತಿರುಗಿರುತ್ತದೆ, ಕೆಲವೊಮ್ಮೆ ನೆಲ ಮುಟ್ಟುವ ಮೊದಲೇ ಚೆಂಡು ಕೈಬಿಟ್ಟಿರುತ್ತದೆ. ಅದು ಲಯೊನೆಲ್ ಹಾಲಿನ್ಸ್ ಅಥವಾ ಜಾನಿ ಡೇವಿಸ್ ಅವರ ಕೈ ಸೇರುವಾಗ ಎದುರಾಳಿ ತಂಡದ ಇಬ್ಬರು ಮೂವರು ಇನ್ನೂ ವಾಲ್ಟನ್ ಅವರ ಹಿಂದೆಯೇ ಇರುತ್ತಾರೆ. ಹಾಲಿನ್ಸ್ ಅದನ್ನು ಓಡುತ್ತಿರುವ ಬಾಬ್ ಗ್ರಾಸ್‌ಗೆ ಕೊಟ್ಟು ಗ್ರಾಸ್ ಬುಟ್ಟಿಗೆ ಹಾಕಿದರೆ ಅಸಿಸ್ಟ್ ಹಾಲಿನ್ಸ್ ಹೆಸರಿಗೆ. ಎದುರಾಳಿಯನ್ನು ಸೋಲಿಸಿದ ಪಾಸ್‌ಗೆ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ.

ಇದು ವಾಲ್ಟನ್ ಒಬ್ಬರೇ ಕಂಡುಹಿಡಿದ ವಿದ್ಯೆಯಲ್ಲ. ಬೋಸ್ಟನ್‌ನ ಬಿಲ್ ರಸೆಲ್ ರೀಬೌಂಡ್‌ನಿಂದಲೇ ದಾಳಿ ಆರಂಭಿಸುವುದನ್ನು ಎರಡು ದಶಕ ಮೊದಲೇ ರೂಢಿಗೆ ತಂದಿದ್ದರು. ವಾಲ್ಟನ್ ಅದಕ್ಕೆ ಇನ್ನೊಂದನ್ನು ಸೇರಿಸಿದರು: ವೇಗದ ದಾಳಿ ಫಲಿಸದಿದ್ದಾಗ ಬುಟ್ಟಿಯ ಎದುರಿನ ಫ್ರೀ ಥ್ರೋ ಗೆರೆಯ ಬಳಿಗೆ, ಅಂದರೆ ಹೈ ಪೋಸ್ಟ್‌ಗೆ ಬಂದು, ಅಲ್ಲಿಂದ ರಿಂಗಿನತ್ತ ನುಸುಳುವವರಿಗೆ ಚೆಂಡು ಒದಗಿಸುವುದು. ಯುಸಿಎಲ್‌ಎ ಕಾಲೇಜಿನಲ್ಲಿ ಜಾನ್ ವುಡನ್ ಅವರ ಬಳಿ ಕಲಿತದ್ದನ್ನು ಅವರು ಪೋರ್ಟ್‌ಲೆಂಡ್‌ನಲ್ಲಿ ಜ್ಯಾಕ್ ರ‍್ಯಾಮ್ಸಿ ಅವರ ತಂಡದಲ್ಲಿ ವೃತ್ತಿಪರರ ನಡುವೆ ಆಡಿ ತೋರಿಸಿದರು. 1977ರ ಫೈನಲ್‌ನಲ್ಲಿ ಮೊದಲ ಎರಡು ಪಂದ್ಯಗಳನ್ನು ಸೋತ ಆ ತಂಡ ಮುಂದಿನ ನಾಲ್ಕನ್ನೂ ಗೆದ್ದಿತು. ಕೊನೆಯ ಪಂದ್ಯದಲ್ಲಿ ವಾಲ್ಟನ್ 20 ಅಂಕ, 23 ರೀಬೌಂಡ್, 7 ಅಸಿಸ್ಟ್, 8 ಬ್ಲಾಕ್ (ತಡೆದ ಎಸೆತ) ಗಳಿಸಿದರು. ಮುಂದಿನ ಋತುವಿನಲ್ಲಿ ತಂಡ ಮೊದಲ 60 ಪಂದ್ಯಗಳಲ್ಲಿ 50ನ್ನು ಗೆದ್ದಿದ್ದಾಗ ಅವರ ಪಾದಕ್ಕೆ ಗಾಯವಾಯಿತು. ಆ ವರ್ಷ 58 ಪಂದ್ಯಗಳನ್ನಷ್ಟೇ ಆಡಿಯೂ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಸಂದಿತು.

ಆದ್ದರಿಂದ ಮೋಹವೇ ಎಂಬ ನಿಮ್ಮ ಪ್ರಶ್ನೆಗೆ ಅಲ್ಲ ಎಂದೇ ಹೇಳಬೇಕು. ವಾಲ್ಟನ್ ವಿಷಯದಲ್ಲಿ ಹಳಬರ ಕಣ್ಣು ಅಂಕಿ ಅಂಶಕ್ಕಿಂತ ಸರಿಯಾಗಿ ನೋಡಿದೆ. ಆದರೆ ಆರೋಗ್ಯವಾಗಿದ್ದಿದ್ದರೆ ಹತ್ತು ವರ್ಷ ಹೀಗೆಯೇ ಆಡುತ್ತಿದ್ದರು ಎಂದು ಅವರು ಸೇರಿಸುವ ಮಾತು ಹಾರೈಕೆಯೇ ಹೊರತು ವಾದವಲ್ಲ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿದ್ದು ಸ್ಯಾಕ್ರಮೆಂಟೊ ತಂಡದ ಪಂದ್ಯಗಳನ್ನು ನೋಡುತ್ತೇನೆ. ಡೊಮಾಂಟಾಸ್ ಸಬೋನಿಸ್ ಅವರಿಗಿಂತ ಅವರ ತಂದೆಯೇ ಉತ್ತಮ ಪಾಸರ್ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಅಂಕಿಗಳು ಅದಕ್ಕೆ ವಿರುದ್ಧವಾಗಿವೆಯಲ್ಲ? – ಓದುಗರು, ಸ್ಯಾನ್ ಹೊಸೆ

ಉತ್ತರ: ವಿರುದ್ಧವಾಗಿರುವುದು ಮಾತ್ರವಲ್ಲ, ಅಜಗಜಾಂತರವಿದೆ. ತಂದೆ ಅರ್ವಿದಾಸ್ ಸಬೋನಿಸ್ ಅವರ ಎನ್‌ಬಿಎ ಸರಾಸರಿ 2.1 ಅಸಿಸ್ಟ್, ಮಗ 2023–24ರಲ್ಲಿ ಗಳಿಸಿದ್ದು 8.2. ಆದರೂ ನಿಮ್ಮ ಊರಿನವರ ಮಾತೇ ಸರಿ ಎಂದು ನಮಗೆ ಅನ್ನಿಸುತ್ತದೆ.

ಲಿಥುವೇನಿಯಾದ ಕೌನಸ್‌ನಲ್ಲಿ 1964ರಲ್ಲಿ ಹುಟ್ಟಿದ ಅರ್ವಿದಾಸ್ ಅವರನ್ನು ಪೋರ್ಟ್‌ಲೆಂಡ್ ತಂಡ 1986ರಲ್ಲೇ ಆರಿಸಿಕೊಂಡಿತ್ತು. ಸೋವಿಯತ್ ಆಡಳಿತ ಅವರನ್ನು ಬಿಟ್ಟುಕೊಡಲಿಲ್ಲ. ಅದರ ಮೇಲೆ ಹಿಮ್ಮಡಿಯ ಸ್ನಾಯುರಜ್ಜು ಹರಿದು ಅವರ ಓಟದ ಶಕ್ತಿಯೇ ಕುಂದಿತು. ಅದಕ್ಕೆ ಆರೈಕೆ ಪಡೆಯಲು ಅವರು ಹೋದದ್ದು ಪೋರ್ಟ್‌ಲೆಂಡ್‌ಗೇ. ಚೇತರಿಸಿಕೊಂಡು 1988ರ ಸೋಲ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 82–76ರಿಂದ ಸೋಲಿಸಿದ ಸೋವಿಯತ್ ತಂಡದಲ್ಲಿ ಆಡಿ ಚಿನ್ನ ಗೆದ್ದರು. (ಅಮೆರಿಕದವರು ಇದನ್ನು ಇನ್ನೂ ಪೂರ್ತಿ ಮರೆತಿಲ್ಲ.) ಅವರು ಎನ್‌ಬಿಎ ಅಂಕಣಕ್ಕೆ ಇಳಿದದ್ದು 1995ರಲ್ಲಿ, ಮೂವತ್ತು ದಾಟಿದ ಮೇಲೆ. ಮೊದಲ ವರ್ಷ ಅವರಿಗೆ ಸಿಕ್ಕಿದ್ದು ಪಂದ್ಯಕ್ಕೆ 24 ನಿಮಿಷದಷ್ಟು. ಆ ಸ್ವಲ್ಪದರಲ್ಲೂ ಬೆನ್ನ ಹಿಂದಿನಿಂದ, ಒಂದೇ ಕೈಯಿಂದ, ಎದುರಾಳಿಯ ಕಾಲುಗಳ ಮಧ್ಯದಿಂದ ಅವರು ದಾಟಿಸಿದ ಚೆಂಡುಗಳನ್ನು ನೋಡಿದವರು 2.1 ಎಂಬ ಅಂಕಿಯನ್ನು ನಂಬಲು ಒಪ್ಪುವುದಿಲ್ಲ.

ಮಗನ ಅಸಿಸ್ಟ್‌ಗಳಲ್ಲಿ ದೊಡ್ಡ ಪಾಲು ಕೈಯಿಂದ ಕೈಗೆ ಚೆಂಡು ಕೊಡುವ ಹ್ಯಾಂಡ್‌ಆಫ್‌ನಿಂದ ಬಂದದ್ದು. ಫ್ರೀ ಥ್ರೋ ಗೆರೆಯ ಹೊರಗೆ ಅವರು ನಿಲ್ಲುತ್ತಾರೆ, ಮಾಲಿಕ್ ಮಂಕ್‌ನಂಥ ಆಟಗಾರ ಅವರ ಮೈಗೆ ಮೈ ಉಜ್ಜಿಕೊಂಡು ಓಡಿ ಚೆಂಡನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಎಸೆಯುತ್ತಾನೆ. ಎದುರಾಳಿಗೆ ಅಡ್ಡ ನಿಲ್ಲುವ ಆ ದೇಹ, ಕೊಡುವ ಹೊತ್ತಿನ ನಿಖರತೆ, ಕೊಡುವಂತೆ ನಟಿಸಿ ತಾನೇ ನುಗ್ಗುವ ಜಾಣ್ಮೆ – ಇವೆಲ್ಲ ನಿಜವಾದ ಕೌಶಲಗಳೇ, ತಂಡಕ್ಕೆ ಲಾಭವನ್ನೂ ತಂದಿವೆ. ಆದರೆ ಲೆಕ್ಕದಲ್ಲಿ ಅದೂ ಒಂದು ಅಸಿಸ್ಟ್, ಅಂಕಣದ ಅಡ್ಡಗಲಕ್ಕೂ ಮೂವರ ತಲೆಯ ಮೇಲಿಂದ ಹೋಗುವ ಪಾಸ್ ಸಹ ಒಂದೇ ಅಸಿಸ್ಟ್.

ನಿಮ್ಮ ತಂಡದ ಇತಿಹಾಸದಲ್ಲೇ ಇವರಿಬ್ಬರ ನಡುವಿನ ಕೊಂಡಿಯಿದೆ. 1998ರಲ್ಲಿ ಸ್ಯಾಕ್ರಮೆಂಟೊಗೆ ಬಂದ ವ್ಲಾಡೆ ಡಿವಾಟ್ಸ್ ಮತ್ತು ಕ್ರಿಸ್ ವೆಬ್ಬರ್ ಇಬ್ಬರೂ ಪಾಸ್ ಬಲ್ಲ ದೊಡ್ಡ ಆಟಗಾರರು. ತರಬೇತುದಾರ ರಿಕ್ ಆಡೆಲ್‌ಮನ್ ಮತ್ತು ಪಾಸ್ ಹಾಗೂ ಹಿಂಬದಿಯ ನುಸುಳುವಿಕೆಯನ್ನು ನೆಚ್ಚಿದ ಪ್ರಿನ್ಸ್‌ಟನ್ ಪದ್ಧತಿಯ ಗುರು ಪೀಟ್ ಕ್ಯಾರಿಲ್ ಅವರಿಬ್ಬರನ್ನೂ ಹೈ ಪೋಸ್ಟ್‌ಗೆ ತಂದು ನಿಲ್ಲಿಸಿದರು. ದೊಡ್ಡವರು ರಿಂಗಿನಿಂದ ದೂರ ಬಂದರೆ ಅವರನ್ನು ಕಾಯುವ ಎದುರಾಳಿ ದೊಡ್ಡವರೂ ಹಿಂದೆಯೇ ಬರಬೇಕಾಗುತ್ತದೆ, ಆಗ ರಿಂಗಿನ ಕೆಳಗೆ ಕಾವಲಿಲ್ಲ. ಅಲ್ಲಿಗೆ ಹಿಂಬದಿಯಿಂದ ನುಸುಳುವ ಡಗ್ ಕ್ರಿಸ್ಟಿ, ಪೇಜಾ ಸ್ಟೊಯಾಕೊವಿಚ್ ಅವರಿಗೆ ಡಿವಾಟ್ಸ್ ನೆಲಕ್ಕೆ ಪುಟಿಸಿ ಕೊಡುತ್ತಿದ್ದ ಬೌನ್ಸ್ ಪಾಸ್‌ಗಳು ನಮ್ಮ ದೃಷ್ಟಿಯಲ್ಲಿ ಆ ತಲೆಮಾರಿನ ಅತ್ಯಂತ ಚೆಲುವಾದ ಬ್ಯಾಸ್ಕೆಟ್‌ಬಾಲ್. 2001–02ರಲ್ಲಿ 61 ಪಂದ್ಯ ಗೆದ್ದ ಆ ತಂಡ ಲೇಕರ್ಸ್ ಎದುರು ಏಳನೆಯ ಪಂದ್ಯದಲ್ಲಿ ಸೋತಿತು.

ಪ್ರಶ್ನೆ: ತೊಂಬತ್ತರ ದಶಕದಲ್ಲಿ ಒಲಾಜುವಾನ್, ಓ'ನೀಲ್, ಡೇವಿಡ್ ರಾಬಿನ್ಸನ್ ಮುಂತಾದ ದೈತ್ಯ ಸೆಂಟರ್‌ಗಳಿದ್ದರು. ಆದರೂ ಪಾಸ್ ಬಲ್ಲವರ ಪಟ್ಟಿಯಲ್ಲಿ ಅವರ ಹೆಸರು ಕಡಿಮೆ. ಏಕೆ? – ಓದುಗರು, ಮೈಸೂರು

ಉತ್ತರ: ಮುಖ್ಯ ಕಾರಣ ನಿಯಮ. 2001ರವರೆಗೆ ಎನ್‌ಬಿಎಯಲ್ಲಿ ಝೋನ್ ರಕ್ಷಣೆಗೆ ಅವಕಾಶವಿರಲಿಲ್ಲ; ಪ್ರತಿಯೊಬ್ಬ ರಕ್ಷಕ ಒಬ್ಬ ಆಟಗಾರನನ್ನು ಕಾಯಲೇಬೇಕಿತ್ತು. ಚೆಂಡು ಹಿಡಿದವನ ಮೇಲೆ ಇಬ್ಬರು ಬೀಳಬಹುದಿತ್ತು, ಸುಮ್ಮನೆ ಖಾಲಿ ಜಾಗವನ್ನು ಕಾಯುತ್ತ ನಿಲ್ಲುವಂತಿರಲಿಲ್ಲ. ಹೀಗಾಗಿ ಸೆಂಟರ್‌ಗೆ ರಿಂಗಿನ ಬಳಿ ಚೆಂಡು ಕೊಟ್ಟು ಉಳಿದವರನ್ನು ದೂರ ನಿಲ್ಲಿಸುವುದೇ ಲಾಭದ ದಾರಿಯಾಗಿತ್ತು. ಹ್ಯೂಸ್ಟನ್ ತಂಡ 1994 ಮತ್ತು 1995ರ ಪ್ರಶಸ್ತಿಗಳನ್ನು ಗೆದ್ದದ್ದು ಹೀಗೆಯೇ. ಹಕೀಮ್ ಒಲಾಜುವಾನ್ ಮೇಲೆ ಎರಡನೆಯವನು ಬಿದ್ದೊಡನೆ ಚೆಂಡು ಮೂರು ಅಂಕದ ಗೆರೆಯಾಚೆಗಿನ ಕೆನ್ನಿ ಸ್ಮಿತ್ ಅಥವಾ ರಾಬರ್ಟ್ ಹಾರಿ ಅವರಿಗೆ ಹೋಗುತ್ತಿತ್ತು. 1994–95ರಿಂದ ಮೂರು ಋತುಗಳ ಕಾಲ ಆ ಗೆರೆಯನ್ನು 22 ಅಡಿಗೆ ಹತ್ತಿರ ತಂದಿದ್ದೂ ಅವರಿಗೆ ಅನುಕೂಲವಾಯಿತು.

ಒಲಾಜುವಾನ್ ಅವರ ಪಾಸ್ ಒಳ್ಳೆಯದೇ, ಆದರೆ ಅದು ಎದುರಾಳಿಯ ನಡೆಗೆ ಕೊಟ್ಟ ಉತ್ತರ. ವಾಲ್ಟನ್, ಡಿವಾಟ್ಸ್, ಯೋಕಿಚ್ ಅವರದು ಎದುರಾಳಿ ಇನ್ನೂ ನಡೆಯಿಡುವ ಮೊದಲೇ ಹಾಕಿದ ಪ್ರಶ್ನೆ. 2001ರಲ್ಲಿ ಝೋನ್‌ಗೆ ಅನುಮತಿ ಸಿಕ್ಕ ಮೇಲೆ ಬೆನ್ನು ಮಾಡಿ ನಿಂತ ಸೆಂಟರ್‌ನ ಮುಂದೆಯೂ ಹಿಂದೆಯೂ ಒಬ್ಬೊಬ್ಬರು ನಿಲ್ಲುವಂತಾಯಿತು, ಚೆಂಡನ್ನು ಅಲ್ಲಿಗೆ ತಲುಪಿಸುವುದೇ ಕಷ್ಟವಾಯಿತು. ದೊಡ್ಡವರು ರಿಂಗಿಗೆ ಮುಖ ಮಾಡಿ ಹೊರಗೆ ಬಂದದ್ದು ಅನಿವಾರ್ಯದಿಂದ. ಪಾಸ್ ಬರದವರು ಅಲ್ಲಿ ಬೇಗ ಬಯಲಾದರು. ಆರಡಿ ಆರಿಂಚಿನ ಡ್ರೇಮಂಡ್ ಗ್ರೀನ್ ಸೆಂಟರ್ ಜಾಗದಲ್ಲಿ ಆಡಿ 2015–16ರಲ್ಲಿ 7.4 ಅಸಿಸ್ಟ್ ಗಳಿಸಿದ್ದು ಈ ಬದಲಾವಣೆಯ ಇನ್ನೊಂದು ಮುಖ. ಸ್ಟೀಫನ್ ಕರಿ ಅವರನ್ನು ಇಬ್ಬರು ಮುತ್ತಿದಾಗ ಚೆಂಡು ಗ್ರೀನ್ ಕೈಗೆ ಬಂದು, ಮುಂದಿನದು ದಾಳಿಯ ನಾಲ್ವರ ಎದುರು ರಕ್ಷಣೆಯ ಮೂವರ ಆಟವಾಗುತ್ತಿತ್ತು.

ಪ್ರಶ್ನೆ: ನಮ್ಮ ಶಾಲಾ ತಂಡದಲ್ಲಿ ಆರಡಿ ಮೂರಿಂಚಿನ ಹುಡುಗನೊಬ್ಬನಿದ್ದಾನೆ. ಎಲ್ಲರೂ ಅವನಿಗೆ ರಿಂಗಿನ ಕೆಳಗೆ ನಿಲ್ಲು ಎನ್ನುತ್ತಾರೆ. ಅವನಿಗೆ ಪಾಸ್ ಕಲಿಸಬೇಕೆಂದರೆ ಎಲ್ಲಿಂದ ಆರಂಭಿಸಲಿ? – ದೈಹಿಕ ಶಿಕ್ಷಕರು, ಮಂಡ್ಯ ಜಿಲ್ಲೆ

ಉತ್ತರ: ಫ್ರೀ ಥ್ರೋ ಗೆರೆಯಿಂದ ಆರಂಭಿಸಿ. ಶಾಲಾ ಪಂದ್ಯಗಳಲ್ಲಿ ನಿಮ್ಮ ಎದುರಾಳಿಗಳು ಮುಂದೆ ಇಬ್ಬರು, ಹಿಂದೆ ಮೂವರು ನಿಲ್ಲುವ ಝೋನ್ ಆಡುತ್ತಿದ್ದರೆ ಆ ರಕ್ಷಣೆಯ ನಡುವಿನ ತೂತು ಇರುವುದು ಅಲ್ಲಿಯೇ. ಎತ್ತರದ ಹುಡುಗ ಅಲ್ಲಿ ಚೆಂಡು ಹಿಡಿದರೆ ಹಿಂದಿನ ಸಾಲಿನ ಮಧ್ಯದವನು ಮುಂದೆ ಬರಬೇಕೋ ಬೇಡವೋ ಎಂಬ ಸಂದಿಗ್ಧಕ್ಕೆ ಬೀಳುತ್ತಾನೆ.

ಮೊದಲು ತಿದ್ದಬೇಕಾದ ಅಭ್ಯಾಸ ಚೆಂಡು ಹಿಡಿದೊಡನೆ ಅದನ್ನು ಹೊಟ್ಟೆಯ ಮಟ್ಟಕ್ಕೆ ಇಳಿಸುವುದು. ಅಲ್ಲಿಗೆ ಬಂದ ಚೆಂಡು ಕುಳ್ಳ ಗಾರ್ಡ್‌ಗಳ ಪಾಲು. ಹಣೆಯ ಮೇಲೆಯೇ ಇಟ್ಟುಕೊಂಡರೆ ಅದನ್ನು ಮುಟ್ಟಬಲ್ಲವರು ಎದುರು ತಂಡದಲ್ಲಿ ಒಬ್ಬರಿರಬಹುದು. ಎರಡನೆಯದಾಗಿ, ಹಿಡಿದ ಮೇಲೆ ಒಂದು ಕಾಲನ್ನು ಊರಿ ರಿಂಗಿನತ್ತ ತಿರುಗಿ ಮೊದಲು ರಿಂಗಿನ ಕೆಳಗೆ, ಆಮೇಲೆ ಚೆಂಡು ಬಂದ ಕಡೆಗೆ ವಿರುದ್ಧವಾದ ಮೂಲೆಗೆ ನೋಡುವ ಕ್ರಮ ಅವನಿಗೆ ರೂಢಿಯಾಗಲಿ. ಡ್ರಿಬಲ್ ಸದ್ಯಕ್ಕೆ ಬೇಡ. ಉಳಿದ ನಾಲ್ವರನ್ನೂ ಅದೇ ಅಭ್ಯಾಸದಲ್ಲಿ ಸೇರಿಸಿಕೊಳ್ಳಿ. ಅವರು ನಿಂತಲ್ಲೇ ನಿಂತರೆ ಈ ಹುಡುಗ ಎಷ್ಟು ಕಲಿತರೂ ಚೆಂಡು ಕೊಡಲು ಜಾಗವೇ ಇರುವುದಿಲ್ಲ.

ಪ್ರಶ್ನೆ: ಎಲ್ಲ ಕಾಲದವರಲ್ಲಿ ಒಬ್ಬರನ್ನೇ ಆರಿಸಿ ಎಂದರೆ ಈಗಲೂ ಯೋಕಿಚ್ ಹೆಸರನ್ನೇ ಹೇಳುವಿರಾ? – ಓದುಗರು, ಕಾಸರಗೋಡು

ಉತ್ತರ: ಹೌದು. ಆದರೆ 10.2 ಎಂಬ ಸರಾಸರಿಗಾಗಿ ಅಲ್ಲ, 2025ರ ಮಾರ್ಚ್ 7ರಂದು ಫೀನಿಕ್ಸ್ ವಿರುದ್ಧ ಹೆಚ್ಚುವರಿ ಅವಧಿಗೆ ಹೋದ ಪಂದ್ಯದಲ್ಲಿ 31 ಅಂಕ, 21 ರೀಬೌಂಡ್, 22 ಅಸಿಸ್ಟ್ ಗಳಿಸಿ, ಸೆಂಟರ್ ಒಬ್ಬ ಒಂದೇ ಪಂದ್ಯದಲ್ಲಿ ಮಾಡಿದ 21 ಅಸಿಸ್ಟ್‌ಗಳ ಚೇಂಬರ್ಲಿನ್ ದಾಖಲೆಯನ್ನು 57 ವರ್ಷಗಳ ನಂತರ ದಾಟಿದ್ದಕ್ಕಾಗಿಯೂ ಅಲ್ಲ. ಹಿಂದಿನವರು ಒಬ್ಬೊಬ್ಬರೂ ಅಂಕಣದ ಒಂದೆರಡು ಜಾಗಗಳಿಂದ ಮಾತ್ರ ಅಪಾಯಕಾರಿಯಾಗಿದ್ದರು: ಚೇಂಬರ್ಲಿನ್ ರಿಂಗಿನ ಬಳಿಯಿಂದ, ಡಿವಾಟ್ಸ್ ಹೈ ಪೋಸ್ಟ್‌ನಿಂದ, ವಾಲ್ಟನ್ ಹೈ ಪೋಸ್ಟ್ ಮತ್ತು ರೀಬೌಂಡ್‌ನಿಂದ. ಯೋಕಿಚ್ ಇವೆಲ್ಲ ಕಡೆಯಿಂದಲೂ, ಜೊತೆಗೆ ಮೂರು ಅಂಕದ ಗೆರೆಯ ಆಚೆಯಿಂದಲೂ ಪಾಸ್ ಮಾಡುತ್ತಾರೆ. ಮೇಲಾಗಿ ತಾವೇ ಎಸೆಯುವ ಬೆದರಿಕೆಯನ್ನು ಅವರು ಎಂದೂ ಕೈಬಿಟ್ಟಿಲ್ಲ. ಡೆನ್ವರ್ ಚಾಂಪಿಯನ್ ಆದ 2023ರ ಪ್ಲೇಆಫ್‌ಗಳಲ್ಲಿ ಒಟ್ಟು ಅಂಕ, ಒಟ್ಟು ರೀಬೌಂಡ್, ಒಟ್ಟು ಅಸಿಸ್ಟ್ ಮೂರರಲ್ಲೂ ಮೊದಲಿಗರಾಗಿದ್ದವರು ಅವರೇ.

ಜಮಾಲ್ ಮರ‍್ರೇ ಜೊತೆಗಿನ ಅವರ ಆಟದಲ್ಲಿ ಒಂದು ಕ್ಷಣವನ್ನು ಗಮನಿಸಿ. ಯೋಕಿಚ್ ಅಂಗೈಯಲ್ಲಿ ಚೆಂಡನ್ನು ಭುಜದ ಮಟ್ಟಕ್ಕೆ ಹಿಡಿದು ನಿಂತಿರುತ್ತಾರೆ, ಮರ‍್ರೇ ಅವರತ್ತ ಓಡಿಬರುತ್ತಾರೆ. ರಕ್ಷಕರಿಬ್ಬರ ಕಣ್ಣೂ ಆ ಹ್ಯಾಂಡ್‌ಆಫ್ ಮೇಲೆ. ಅಷ್ಟರಲ್ಲಿ ಕೊನೆಯ ಗೆರೆಯ ಗುಂಟ ಹೊರಟ ಆರನ್ ಗೋರ್ಡನ್‌ಗೆ ಮಣಿಕಟ್ಟಿನ ಒಂದೇ ತಿರುವಿನಲ್ಲಿ ಚೆಂಡು ಎತ್ತರಕ್ಕೆ ಹೋಗಿರುತ್ತದೆ, ಗೋರ್ಡನ್ ಅದನ್ನು ಗಾಳಿಯಲ್ಲೇ ಹಿಡಿದು ರಿಂಗಿಗೆ ತುರುಕುತ್ತಾರೆ. ಚೇಂಬರ್ಲಿನ್‌ರ ಕಾಲದಲ್ಲಿ ಮೂಲೆಗಳಲ್ಲಿ ಮೂರು ಅಂಕದ ಬೆದರಿಕೆ ಇಲ್ಲದ್ದರಿಂದ ಆ ಕೊನೆಯ ಗೆರೆಯಲ್ಲಿ ಇಬ್ಬರಾದರೂ ರಕ್ಷಕರು ನಿಂತಿರುತ್ತಿದ್ದರು. ಯೋಕಿಚ್ ಅವರಿಗೆ ಕಾಲ ಕೊಟ್ಟ ಈ ಅನುಕೂಲವನ್ನು ಲೆಕ್ಕಕ್ಕೆ ಹಿಡಿದೇ ನಮ್ಮ ಆಯ್ಕೆ. ಈ ಜಾಗ ಇಂದಿನ ಎಲ್ಲ ಸೆಂಟರ್‌ಗಳಿಗೂ ಸಿಕ್ಕಿದೆ, ಅದನ್ನು ಹೀಗೆ ಬಳಸಿದ ಸೆಂಟರ್ ಇನ್ನೊಬ್ಬರಿಲ್ಲ.

ಆದರೂ ಒಂದೇ ಒಂದು ಪಾಸ್‌ಗೆ, ನಮ್ಮ ರಿಂಗಿನ ಕೆಳಗೆ ರೀಬೌಂಡ್ ಹಿಡಿದು ಅಂಕಣದ ಆ ತುದಿಯಲ್ಲಿ ಒಂಟಿಯಾಗಿ ಓಡುತ್ತಿರುವವನಿಗೆ ಚೆಂಡು ಮುಟ್ಟಿಸಬೇಕಾದ ಸಂದರ್ಭಕ್ಕೆ, ನಾವು ಇವರಾರನ್ನೂ ಕರೆಯುವುದಿಲ್ಲ. ಆ ಕೆಲಸಕ್ಕೆ 1978ರಲ್ಲಿ ವಾಷಿಂಗ್ಟನ್ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟ, ಆರಡಿ ಏಳಿಂಚಿನ, ಅಗಲ ಭುಜಗಳ ವೆಸ್ ಅನ್‌ಸೆಲ್ಡ್ ಬೇಕು.